ಟವಲ್ ಕೆಳಗಿನ ಮಾತು

ಹೆಗಲ ಮೇಲಿನ ಟವಲ್ ತೆಗೆದು ಕಂಕುಳಿಗೆ ಸೇರಿಸಿಕೊಂಡು, ಬೆನ್ನು ಬಗ್ಗಿಸಿ ಸರ್ಕಾರಿ ಕಚೇರಿಯ ಬಾಗಿಲಲ್ಲಿ ನಿಲ್ಲುವ ಗಂಡಸರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನಮ್ಮ ಕಡೆ ಅದನ್ನು ಮರ್ಯಾದೆ ಎನ್ನುತ್ತಾರೆ. ಯಾರಿಗೆ ಯಾರು ಕೊಡಬೇಕಾದ ಮರ್ಯಾದೆ ಎಂದು ಕೇಳಬೇಡಿ, ನನಗೆ ಸಿಟ್ಟು ಬರುತ್ತದೆ. ನಾನೀಗ ಯಾರ ಬಗ್ಗೆ ಬರೆಯಹೊರಟಿದ್ದೇನೋ ಅವರು ಆ ಸಾಲಿನವರಲ್ಲ. ತಹಸೀಲ್ದಾರರು ಬರಲಿ, ಮಂತ್ರಿಗಳೇ ಬರಲಿ, ಇವರ ಕೆಂಪಂಚಿನ ಬಿಳಿ ಟವಲ್ ಹೆಗಲಿನಲ್ಲೇ ಇರುತ್ತಿತ್ತು. ಒಂದೇ ಒಂದು ಸಲ ಅದನ್ನು ಒಬ್ಬ ಅಧಿಕಾರಿಯ ಮುಂದೆ ತೆಗೆದರು. ಆ ದಿನದ ಮಾತನ್ನು ಹೇಳುವುದಕ್ಕೇ ಇಷ್ಟನ್ನೂ ಬರೆಯುತ್ತಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ. ಅಂಗಡಿಗೆ ಬಂದವರ ಹೆಸರು ಕೇಳದೆ, ಯಾರ ವಿಷಯ ಯಾರಿಗೂ ಹೇಳದೆ ಬದುಕಿದವರು. ಹೋದಮೇಲೆ ನಾನು ಅವರ ಹೆಸರನ್ನು ಅಚ್ಚು ಹಾಕಿಸಿದರೆ ಎದ್ದು ಬಂದು ಬೈದಾರು. ಅರಸೀಕೆರೆಯ ಜನ ಯಜಮಾನ್ರು ಎನ್ನುತ್ತಿದ್ದರು. ನಾನೂ ಹಾಗೇ ಎನ್ನುತ್ತೇನೆ.

ಹಳೇಬೀಡಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ನನಗೆ ತೊಂಬತ್ತರ ದಶಕದ ನಡುವೆ ಅರಸೀಕೆರೆಗೆ ವರ್ಗವಾಯಿತು. ನನ್ನವರ ಕೆಲಸ ಬಳ್ಳಾರಿಯಲ್ಲಿ. ಮನೆಯಲ್ಲಿ ಫೋನಿಲ್ಲದ ಕಾಲ. ಗಂಡ ಹೆಂಡತಿ ಜಗಳ ಆಡಬೇಕೆಂದರೂ ಎಸ್‌ಟಿಡಿ ಬೂತಿಗೇ ಹೋಗಬೇಕು. ನಮ್ಮ ಶಾಲೆಯ ಹತ್ತಿರವೇ ಒಂದು ಬೂತಿತ್ತು. ಅಲ್ಲಿಯ ಮಾಲೀಕ ಮೀಟರಿನ ಮೇಲೆ ಒಂದು ಕಣ್ಣು, ನನ್ನ ಮಾತಿನ ಮೇಲೆ ಎರಡೂ ಕಿವಿ ಇಟ್ಟು ಕೂರುವವನು. ಹೊರಗೆ ಬಂದರೆ, 'ನಿಮ್ಮತ್ತೆಗೆ ಮಂಡಿನೋವು ಜಾಸ್ತಿ ಆಗಿದ್ಯಂತಲ್ಲ ಮೇಡಂ, ಎಣ್ಣೆ ಹಚ್ಚಕ್ಕೆ ಹೇಳಿ' ಎನ್ನುತ್ತಿದ್ದ. ಒಂದು ಭಾನುವಾರ ರೇಗಿ, ರೈಲ್ವೆ ಸ್ಟೇಷನ್ ರಸ್ತೆಯವರೆಗೆ ನಡೆದು ಯಜಮಾನರ ಬೂತಿಗೆ ಹೋದೆ.

ಅದೊಂದು ಮರದ ಪೆಟ್ಟಿಗೆ, ಗಾಜಿನ ಬಾಗಿಲು. ಗಾಜಿಗೆ ಒಳಗಿನಿಂದ ಒಂದು ಟವಲ್ ಕಟ್ಟಿತ್ತು. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡ ಕೂಡಲೇ ಅವರು ರೇಡಿಯೋ ಜೋರು ಮಾಡಿ, ಎದ್ದು ಹೋಗಿ ಫುಟ್‌ಪಾತಿನಲ್ಲಿ ಬೂತಿಗೆ ಬೆನ್ನು ಹಾಕಿ ನಿಂತರು. ಮೀಟರು ಓಡುತ್ತಿದ್ದರೆ ಓಡಲಿ. ಆ ವರ್ಷ ನನ್ನ ಸಂಸಾರದಲ್ಲಿ ಏನೇನೋ ನಡೆಯಿತು, ಆ ಪೆಟ್ಟಿಗೆಯೊಳಗೆ ನಿಂತು ಬಾಯಿಗೆ ಸೆರಗು ಒತ್ತಿಕೊಂಡು ಅತ್ತಿದ್ದೇನೆ. ಕಣ್ಣು ಕೆಂಪು ಮಾಡಿಕೊಂಡು ಹೊರಗೆ ಬಂದಾಗ ಅವರು ಒಂದು ದಿನವೂ ಯಾಕೆ ಎನ್ನಲಿಲ್ಲ. ರಸ್ತೆ ಕಡೆ ನೋಡುತ್ತಾ, 'ಕೊಬ್ರಿ ರೇಟು ಏರ್ತಾ ಐತೆ ಕಣ್ ಟೀಚರಮ್ಮ' ಎನ್ನುತ್ತಿದ್ದರು. ಕೊಬ್ಬರಿ ರೇಟು ಇಳಿದಿದ್ದ ದಿನವೂ ಅದನ್ನೇ ಹೇಳುತ್ತಿದ್ದರು.

ಅವರ ಮೂಲ ಕಸುಬು ದನದ ದಲ್ಲಾಳಿ. ಸಂತೆಯಲ್ಲಿ ಎತ್ತಿನ ವ್ಯಾಪಾರ ಬಾಯಲ್ಲಿ ನಡೆಯುವುದಿಲ್ಲವಂತೆ. ಇಬ್ಬರು ಕೈ ಕೈ ಹಿಡಿದುಕೊಳ್ಳುತ್ತಾರೆ, ಮೇಲೆ ಟವಲ್ ಹೊದಿಸುತ್ತಾರೆ, ಒಳಗೆ ಬೆರಳುಗಳು ಮಾತಾಡುತ್ತವೆ. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಮುಷ್ಟಿ ಪೂರ್ತಿ ಹಿಡಿದರೆ ಐದು. ಅದು ನೂರೋ ಸಾವಿರವೋ ಎನ್ನುವುದು ಎತ್ತಿನ ಮುಖ ನೋಡಿದರೆ ಇಬ್ಬರಿಗೂ ಗೊತ್ತು. ಸುತ್ತ ನಿಂತ ಜನಕ್ಕೆ ಎತ್ತು ಕೈ ಬದಲಾಯಿಸಿದ್ದು ಕಾಣುತ್ತದೆಯೇ ಹೊರತು ಎಷ್ಟಕ್ಕೆ ಎನ್ನುವುದು ಕಾಣುವುದಿಲ್ಲ. ಇದನ್ನು ನನಗೆ ತೋರಿಸಿಕೊಡಬೇಕೆಂದು ಒಂದು ದಿನ ಹೆಂಡತಿಯನ್ನು ಒಳಗಿನಿಂದ ಕರೆದರು. ಪರಹೆಂಗಸಿನ ಕೈ ಹಿಡಿಯುವವರಲ್ಲ. ಆಕೆ ಹಿಟ್ಟಿನ ಕೈ ಒರೆಸಿಕೊಳ್ಳುತ್ತಾ ಬಂದು ಕೂತರು.

'ಮನೆ ಎಮ್ಮೆ ಎಷ್ಟಕ್ಕೆ ಮಾರುದ್ರು ಅಂತ ನಂಗೇ ಇವತ್ತಿನವರ್ಗೂ ಹೇಳಿಲ್ಲ ಟೀಚರಮ್ಮ. ಈಗ ನಿಮಗೆ ಪಾಠ ಮಾಡ್ತಾರಂತೆ!'

'ಎಮ್ಮೆ ತಗಂಡೋನು ನಿನ್ನ ತಮ್ಮ ಕಣೇ. ಅವ್ನ್ ರೇಟು ಅವ್ನೇ ಹೇಳ್ಬೇಕು, ನಾನಲ್ಲ,' ಎಂದರು ಯಜಮಾನರು, ಟವಲ್ ಹೊದಿಸುತ್ತಾ.

ಇಷ್ಟೆಲ್ಲ ಮುಚ್ಚುಮರೆ ಯಾಕೆ, ಇದು ಕಳ್ಳ ವ್ಯಾಪಾರದ ಹಾಗಲ್ಲವೇ ಎಂದು ನಾನು ಬಾಯಿತಪ್ಪಿ ಕೇಳಿಬಿಟ್ಟೆ. ಅವರಿಗೆ ಮುಖ ಕೆಂಪಾಯಿತು.

'ಕಳ್ಳತನ ಅಲ್ಲ ಕಣವ್ವ. ಮನೇಲಿ ಕಾಯ್ಲೆ ಅಂತ ಒಬ್ಬ ಅರ್ಜೆಂಟಾಗಿ ಒಂದು ಎತ್ತು ಮಾರ್ತವ್ನೆ ಅನ್ಕಳಿ. ಎಷ್ಟಕ್ಕೆ ಒಪ್ದ ಅಂತ ಪಕ್ಕದೋನಿಗೆ ಗೊತ್ತಾದ್ರೆ, ಬರೋ ವಾರ ಇನ್ನೊಂದ್ ಎತ್ತಿಗೂ ಅಷ್ಟೇ ಕೇಳ್ತಾನೆ. ಅವ್ನ ಕಷ್ಟ ಅವ್ನ ಕೈಯಾಗೇ ಇರ್ಲಿ ಅಂತ ಈ ಬಟ್ಟೆ. ದಲ್ಲಾಳಿಗೆ ಎರಡು ಕಡೇದೂ ಗೊತ್ತಿರ್ತದೆ. ಹೊಟ್ಟೇಲಿ ಇಟ್ಕಳೋದೇ ಅವನ ಕಸುಬು. ಹೇಳ್ಕಂಡ್ ತಿರುಗಿದ್ರೆ ಅವನು ದಲ್ಲಾಳಿ ಅಲ್ಲ, ತಮಟೆ ಹೊಡೆಯೋನು.'

ಇದನ್ನು ಓದಿ ಯಜಮಾನರು ಪೊಲೀಸರನ್ನು ಕಂಡರೆ ಆಗದವರು ಎಂದುಕೊಳ್ಳಬೇಡಿ. ಒಮ್ಮೆ ಕೊಬ್ಬರಿ ಗೋದಾಮಿನಲ್ಲಿ ಕಳವಾಗಿ, ಪೇದೆಯೊಬ್ಬರು ಬಂದು ಹಿಂದಿನ ದಿನ ಅವರ ಬೂತಿನಿಂದ ಯಾವ ಯಾವ ನಂಬರಿಗೆ ಫೋನ್ ಹೋಗಿದೆ ಎಂದು ಕೇಳಿದರು. ಸಾಹೇಬರ ಸಹಿ ಇರುವ ಒಂದು ಕಾಗದ ತನ್ನಿ ಎಂದರು ಯಜಮಾನರು. ಪೇದೆ ಗೊಣಗಿಕೊಂಡು ಹೋಗಿ ತಂದರು. ಕೇಳಿದ ದಿನದ್ದಷ್ಟನ್ನು ಕೊಟ್ಟು, ಕಾಫಿಯನ್ನೂ ಕುಡಿಸಿ ಕಳಿಸಿದರು. ಕಳ್ಳ ಸಿಕ್ಕಿದ ದಿನ ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಹಿಗ್ಗಿದವರು ಅವರೇ. ದೇಶವನ್ನು ಕಾಯುವವರಿಗೆ ಕಣ್ಣು ಬೇಕು ಎನ್ನುವುದರಲ್ಲಿ ಅವರಿಗೆ ಯಾವ ತಕರಾರೂ ಇರಲಿಲ್ಲ. ಕಂಡದ್ದನ್ನು ಬಾಯಿಗೆ ತರಬಾರದು, ಅಷ್ಟೇ.

ಎರಡು ಸಾವಿರದ ಇಸವಿ ಕಳೆದ ಹೊಸದರಲ್ಲಿ ಬೂತಿನ ಕಾಲ ಮುಗಿಯುತ್ತಾ ಬಂದಿತ್ತು. ಯಜಮಾನರು ಪಕ್ಕದ ಕೋಣೆಗೆ ಕಂಪ್ಯೂಟರ್ ತಂದು ಇಂಟರ್‌ನೆಟ್ ಅಂಗಡಿ ಮಾಡಿದರು. ಆಗಿನ ಮೋಡೆಮ್ ಲೈನು ಹಿಡಿಯುವ ಮೊದಲು ಕೀ, ಗರ್ ಎಂದು ಬಹಳ ಹೊತ್ತು ಒದ್ದಾಡುತ್ತಿತ್ತು. 'ಹೆರಿಗೆ ನೋವು ತಿಂತಾ ಐತೆ, ಸ್ವಲ್ಪ ತಡೀರಿ' ಎಂದು ಗಿರಾಕಿಗಳನ್ನು ಸಮಾಧಾನ ಮಾಡುವರು. ಒಂದು ಕಂಪ್ಯೂಟರಿಗೂ ಇನ್ನೊಂದಕ್ಕೂ ನಡುವೆ ತಂತಿ ಕಟ್ಟಿ ಟವಲ್ ಇಳಿಬಿಟ್ಟಿದ್ದರು. ಎಲ್ಲವೂ ಕೆಂಪಂಚಿನವೇ. ಹೆಂಡತಿ ವಾರಕ್ಕೊಮ್ಮೆ ಒಗೆದು ಹರವುತ್ತಿದ್ದರು. ಕಾಲೇಜಿನ ಹುಡುಗಿಯರು, ದೆಹಲಿಗೆ ಸರಕು ಕಳಿಸುವ ಕೊಬ್ಬರಿ ಮಂಡಿಯವರು, ಕೆಲಸಕ್ಕೆ ಅರ್ಜಿ ಹಾಕುವವರು ಎಲ್ಲ ಆ ಟವಲ್‌ಗಳ ಮರೆಯಲ್ಲಿ ಕೂತು ತಂತಮ್ಮ ಪಾಡು ನೋಡಿಕೊಂಡು ಹೋಗುತ್ತಿದ್ದರು.

ಅಲ್ಲಿಗೆ ಸುಜಾತಳನ್ನು ಕರೆದುಕೊಂಡು ಹೋದದ್ದು ನಾನು. ಹಳೇಬೀಡಿನಲ್ಲಿ ನನ್ನ ವಿದ್ಯಾರ್ಥಿನಿ. ಬೌದ್ಧರ ಮನೆಯ ಹುಡುಗಿ, ಡಿಗ್ರಿ ಮುಗಿಸಿದ್ದಳು. ಅವಳ ಅಣ್ಣ ತರಬೇತಿ ಪಡೆದು ಬಳಪದ ಕಲ್ಲಿನಲ್ಲಿ ಬುದ್ಧನನ್ನು ಕೆತ್ತುತ್ತಿದ್ದ. ಅಂಗೈ ಮೇಲೆ ಕೂರುವ ಬುದ್ಧ, ಕಣ್ಣು ಅರೆ ಮುಚ್ಚಿದ್ದು, ನೋಡಿದರೆ ನಮ್ಮ ಧ್ವನಿಯೂ ತಗ್ಗುತ್ತಿತ್ತು. ಆದರೆ ಆ ಬುದ್ಧರೆಲ್ಲ ಬೇಲೂರಿನ ಒಂದು ವಿಗ್ರಹದ ಅಂಗಡಿಗೆ ಹೋಗಿ, ಅಲ್ಲಿ 'ನಮ್ಮ ವಂಶದ ಕೆಲಸ' ಎಂಬ ಬೋರ್ಡಿನ ಕೆಳಗೆ ಮಾರಾಟವಾಗುತ್ತಿದ್ದರು. ಕೆತ್ತಿದವನು ಯಾರು, ಯಾರ ಮಗ ಎಂಬುದು ಗಿರಾಕಿಗೆ ತಿಳಿಯದ ಹಾಗೆ ಅಂಗಡಿಯವನು ನೋಡಿಕೊಳ್ಳುತ್ತಿದ್ದ. ಅಣ್ಣ ಸಾಧು. ತಂಗಿ ಸಾಧುವಲ್ಲ.

ಒಂದು ದಿನ ರಾಜಧಾನಿಯಿಂದ ದೊಡ್ಡ ಅಧಿಕಾರಿಯೊಬ್ಬರು ಬೇಲೂರಿಗೆ ಬಂದು ಶಿಲ್ಪಿಗಳ ಸಭೆ ನಡೆಸಿದರು. ಇನ್ನು ಮೇಲೆ ಮಧ್ಯವರ್ತಿ ಬೇಡ, ಗಣಕಯಂತ್ರದ ಮುಂದೆ ಕೂತು ಇಡೀ ಜಗತ್ತಿಗೆ ಮಾರಿ, ಸರ್ಕಾರ ನಿಮ್ಮ ಬೆನ್ನಿಗಿದೆ ಎಂದು ಭಾಷಣ ಮಾಡಿ, ಹಾರ ಹಾಕಿಸಿಕೊಂಡು, ಬಾದಾಮಿ ಹಾಲು ಕುಡಿದು ಕಾರು ಹತ್ತಿದರು. ಸುಜಾತ ಅದನ್ನು ನಂಬಿದಳು. ಹುಡುಗಿ, ನಂಬದೆ ಏನು ಮಾಡುತ್ತಾಳೆ? ದೇವಸ್ಥಾನ ನೋಡಲು ಹಳೇಬೀಡಿಗೆ ಬಂದಿದ್ದ ಜಪಾನಿನ ಹೆಂಗಸೊಬ್ಬರು ಅವರ ಮನೆಯ ಜಗುಲಿಯಿಂದಲೇ ಒಂದು ಬುದ್ಧನನ್ನು ಕೊಂಡು, ತಮ್ಮ ಊರಿನಲ್ಲಿ ಇಂಥವನ್ನು ಮಾರುವ ಅಂಗಡಿ ಇಟ್ಟಿದ್ದೇನೆ, ಬರೆಯಿರಿ ಎಂದು ಇಮೇಲ್ ವಿಳಾಸ ಕೊಟ್ಟು ಹೋಗಿದ್ದರು. ಬೇಲೂರು ಹತ್ತಿರ. ಆದರೆ ಅಲ್ಲಿ ಯಾವ ಅಂಗಡಿಯಲ್ಲಿ ಕೂತು ಬರೆದರೂ ಸಂಜೆಯೊಳಗೆ ವಿಗ್ರಹದ ಅಂಗಡಿಯವನ ಕಿವಿಗೆ ಬೀಳುತ್ತದೆ. ಅದಕ್ಕೇ ಅವಳು ಜಾವಗಲ್ ಮೇಲೆ ಬರುವ ಬಸ್ಸು ಹಿಡಿದು ಅಷ್ಟು ದೂರದ ಅರಸೀಕೆರೆಗೆ ಬರುತ್ತಿದ್ದಳು.

ಯಜಮಾನರಿಗೆ ಅವಳನ್ನು ಕಂಡರೆ ಪ್ರಾಣ. 'ಬಾ ಮಗ, ಕೂತ್ಕ' ಎಂದು ಗೋಡೆಬದಿಯ ಕಂಪ್ಯೂಟರನ್ನೇ ಬಿಟ್ಟುಕೊಡುವರು. ಅವಳು ಅವರನ್ನು ತಾತ ಎನ್ನುತ್ತಿದ್ದಳು. ಮೊದಲ ಪಾರ್ಸೆಲ್ ಜಪಾನಿಗೆ ತಲುಪಿ, ದುಡ್ಡು ಅಣ್ಣನ ಹೆಸರಿಗೆ ಬಂದ ದಿನ ಅವಳು ನಮಗೆಲ್ಲ ಮೈಸೂರುಪಾಕು ತಂದಳು. ಪೆಟ್ಟಿಗೆಯೊಳಗೆ ಅಣ್ಣನ ಹೆಸರು, ಊರು ಬರೆದ ಚೀಟಿ ಇಟ್ಟಿದ್ದಳಂತೆ. ಆ ಹೆಂಗಸು ಅದನ್ನು ಅಂಗಡಿಯಲ್ಲಿ ಬುದ್ಧನ ಪಕ್ಕದಲ್ಲಿ ನಿಲ್ಲಿಸಿದ್ದಾರಂತೆ.

ಆಗಲೇ ಯಜಮಾನರು ಬುದ್ಧಿ ಹೇಳಿದ್ದು. ಬೇಲೂರಿನ ಅಂಗಡಿಯವನು ರೈಲಿನ ಪಾರ್ಸೆಲಿಗಾಗಿ ಆಗಾಗ ಅರಸೀಕೆರೆಗೆ ಬರುತ್ತಾನೆ, ಎಂದಾದರೂ ಅವಳ ಹಿಂದೆ ನಿಂತು ನೋಡಿದರೆ ಏನು ಗತಿ?

'ರೇಟು ಬಾಯಿಬಿಟ್ಟು ಬರೀಬ್ಯಾಡ ಮಗ. ಬೆರಳಲ್ಲಿ ಬರಿ.'

ಸುಜಾತಳಿಗೆ ಇದು ಬಲು ಇಷ್ಟವಾಯಿತು. ಕೈಯ ಚಿತ್ರ ಬರೆದು, ಬೆರಳಿಗೆ ಎಷ್ಟು, ಮುಷ್ಟಿಗೆ ಎಷ್ಟು ಎಂದು ವಿವರಿಸಿ ಜಪಾನಿಗೆ ಅಂಚೆಯಲ್ಲಿ ಕಳಿಸಿದಳು. ಆ ಹೆಂಗಸು ಇನ್ನೂ ಖುಷಿಪಟ್ಟರು. ಅಲ್ಲಿಂದ ಮುಂದೆ ನಮ್ಮ ಸಂತೆಯ ಎತ್ತಿನ ಭಾಷೆ ಇಂಗ್ಲಿಷಿನಲ್ಲಿ ಜಪಾನಿಗೆ ಹೋಗಿ ಬರತೊಡಗಿತು. ಮೂರು ಬೆರಳು ಎಂದು ಇವಳು ಬರೆದರೆ ಎರಡೂವರೆ ಎಂದು ಅವರು. ಅರ್ಧ ಬೆರಳನ್ನು ಹಿಡಿಯುವುದು ಹೇಗೆ ಎಂದು ಯಜಮಾನರು ತಲೆ ಕೆರೆದುಕೊಂಡರು. ನಾವು ಬಿದ್ದು ಬಿದ್ದು ನಕ್ಕೆವು.

ಅಷ್ಟರಲ್ಲಿ ಯಾವುದೋ ದೊಡ್ಡ ಊರಿನಲ್ಲಿ ಬಾಂಬ್ ಸಿಡಿಯಿತು. ಸತ್ತವರ ಮಕ್ಕಳ ಫೋಟೋವನ್ನು ಪೇಪರಿನಲ್ಲಿ ನೋಡಿ ಯಜಮಾನರು ಆ ದಿನ ಅಂಗಡಿ ತೆರೆಯಲಿಲ್ಲ. ಕೆಲವು ದಿನಕ್ಕೆ ಮೇಲಿನಿಂದ ಹುಕುಂ ಬಂತು. ಇಂಟರ್‌ನೆಟ್ ಅಂಗಡಿಗಳಲ್ಲಿ ಪರದೆ ಇರಕೂಡದು, ಕಂಪ್ಯೂಟರಿನ ಮುಖ ಬಾಗಿಲ ಕಡೆಗಿರಬೇಕು, ಬಂದವರ ಗುರುತಿನ ಚೀಟಿ ನೋಡಬೇಕು. ಯಜಮಾನರು ಒಂದು ಮಾತಾಡದೆ ಟವಲ್‌ಗಳನ್ನು ಬಿಚ್ಚಿದರು. ಹೆಂಡತಿ ಮಡಿಚಿ ಟ್ರಂಕಿಗೆ ಹಾಕಿದರು. 'ಬಾಂಬ್ ಇಡೋನು ಸಿಗೋದಾದ್ರೆ ನನ್ನ ಅಂಗ್ಡಿ ಬಾಗ್ಲನ್ನೂ ಕಿತ್ಕಂಡ್ ಹೋಗ್ಲಿ' ಎಂದರು ಯಜಮಾನರು. ಮೊದಲು ಕಾಲೇಜಿನ ಹುಡುಗಿಯರು ಬರುವುದು ನಿಂತಿತು, ಆಮೇಲೆ ಮಂಡಿಯವರು ಅಪರೂಪವಾದರು. ಸುಜಾತ ಮಾತ್ರ ಬರುತ್ತಿದ್ದಳು, ಬಾರದೆ ಅವಳಿಗೆ ಗತಿಯಿರಲಿಲ್ಲ. ದೊಡ್ಡ ಆರ್ಡರೊಂದು ಕುದುರುವುದರಲ್ಲಿತ್ತು. ಅದು ಕೈಗೂಡಿದರೆ ಅಣ್ಣ ಬೇಲೂರಿನ ಅಂಗಡಿಯ ಹಂಗು ಪೂರ್ತಿ ಕಡಿದುಕೊಳ್ಳಬಹುದು.

ಆ ಹುಕುಮನ್ನು ಜಾರಿ ಮಾಡಲೆಂದು ಒಬ್ಬ ಅಧಿಕಾರಿ ಬಂದಿದ್ದರು. ಯಾವ ಇಲಾಖೆ ಎಂದು ಬರೆಯುವುದಿಲ್ಲ, ಎಲ್ಲ ಇಲಾಖೆಯಲ್ಲೂ ಅಂಥವರು ಸಿಗುತ್ತಾರೆ. ಒಂದು ಶನಿವಾರ ಬೆಳಿಗ್ಗೆ ಅವರು ಯಜಮಾನರ ಅಂಗಡಿಗೆ ಬಂದು ಸುಜಾತಳ ಬೆನ್ನ ಹಿಂದೆ ನಿಂತರು. ಕಂಪ್ಯೂಟರಿನಲ್ಲಿ ಅವಳು ಬರೆಯುತ್ತಿದ್ದದ್ದು ಇಷ್ಟು. ಕೂತಿರುವುದಕ್ಕೆ ಒಂದು ಮುಷ್ಟಿ ಎರಡು ಬೆರಳು. ಚಿಕ್ಕದಕ್ಕೆ ಮೂರು ಬೆರಳು. ತಲೆಗೆ ಪೆಟ್ಟಾಗದಂತೆ ಹುಲ್ಲಿನಲ್ಲಿ ಸುತ್ತಿ ಹಡಗಿಗೆ ಹಾಕುತ್ತೇವೆ.

'ಯಾರ ತಲೆ?' ಎಂದು ಕೇಳಿದರಂತೆ ಸಾಹೇಬರು.

ಕಾಲು ಗಂಟೆಯಲ್ಲಿ ಸುಜಾತ ಸಾಹೇಬರ ಕಚೇರಿಯಲ್ಲಿದ್ದಳು, ಕಂಪ್ಯೂಟರೂ ಅವಳ ಹಿಂದೆಯೇ ಜೀಪಿನಲ್ಲಿ ಹೋಯಿತು. ಯಜಮಾನರು ಶಾಲೆಗೆ ಫೋನ್ ಮಾಡಿ ನನ್ನನ್ನು ಕರೆಸಿದರು. ನಾವಿಬ್ಬರೂ ಆಟೋ ಹಿಡಿದು ಹೋದೆವು.

ದೂರದೂರಿಗೆ ಪಾರ್ಸೆಲ್ ಕಳಿಸುವವರು ಆ ಕಚೇರಿಯಿಂದ ಚೀಟಿ ತರಬೇಕೆಂದು ಅದೇ ತಿಂಗಳು ಸಾಹೇಬರು ತಮ್ಮದೇ ಒಂದು ಕಾನೂನು ಮಾಡಿದ್ದರು. ಗೋಡೆಬದಿಯ ಬೆಂಚಿನಲ್ಲಿ ಚೀಟಿಗಾಗಿ ಕಾಯುವವರ ಸಾಲು. ಆ ಸಾಲಿನಲ್ಲಿ ಬೇಲೂರಿನ ವಿಗ್ರಹದ ಅಂಗಡಿಯವನು, ತೊಡೆಯ ಮೇಲೆ ಬ್ಯಾಗು ಇಟ್ಟುಕೊಂಡು, ಕತ್ತು ಮುಂದೆ ಚಾಚಿ ಕೂತಿದ್ದ. ಸುಜಾತ ಮೇಜಿನ ಮುಂದೆ ತುಟಿ ಬಿಗಿದು ನಿಂತಿದ್ದಳು. ಇದು ಬುದ್ಧನ ವಿಗ್ರಹದ ರೇಟು ಎಂದು ಬಾಯಿಬಿಟ್ಟರೆ ಅವಳು ಬಿಡುಗಡೆಯಾಗುತ್ತಾಳೆ, ಆದರೆ ಗಿರಾಕಿಯ ಗುರುತೂ ರೇಟೂ ಬೆಂಚಿನವನ ಕೈ ಸೇರುತ್ತವೆ. ಬಾಯಿ ಬಿಡದಿದ್ದರೆ ಅವಳು ದೇಶದ್ರೋಹಿ. ಆ ಹುಡುಗಿ ಬಾಯಿ ಬಿಟ್ಟಿರಲಿಲ್ಲ.

'ನೋಡ್ರೀ ಮೇಡಂ, ನಿಮ್ಮ ಶಿಷ್ಯೆ,' ಎಂದರು ಸಾಹೇಬರು. 'ಮುಷ್ಟಿ ಅಂದ್ರೇನು, ಬೆರಳು ಅಂದ್ರೇನು ಅಂತ ಕೇಳಿದ್ರೆ ಮೂಗಿ ಥರ ನಿಂತಿದ್ದಾಳೆ. ಇದು ಸಂಕೇತ ಭಾಷೆ ಅಲ್ವಾ? ಫಾರಿನ್ನಿಗೆ ಹೋಗ್ತಿದೆ!'

ಯಜಮಾನರು ಬೆಂಚನ್ನು ನೋಡಿದರು, ಸುಜಾತಳನ್ನು ನೋಡಿದರು. ಅವರಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ.

'ಸಾರ್, ನಾನು ಹೇಳ್ತೀನಿ. ಒಳಗಡೆ ರೂಮಿಗೆ ಬನ್ನಿ, ಎಲ್ಲಾ ಬಿಡಿಸಿ ಹೇಳ್ತೀನಿ.'

'ಒಳಗೂ ಇಲ್ಲ, ಹೊರಗೂ ಇಲ್ಲ. ಏನಿದ್ರೂ ಇಲ್ಲೇ, ಎಲ್ಲರ ಮುಂದೆ ಹೇಳಿ.'

ಆಗ ಯಜಮಾನರು ಹೆಗಲ ಮೇಲಿನ ಟವಲ್ ತೆಗೆದರು. ಮುದುಕ ಕೊನೆಗೂ ಬಗ್ಗಿದ ಎಂದು ಸಾಹೇಬರ ಮುಖ ಅರಳಿತು, ಕುರ್ಚಿಗೆ ಒರಗಿದರು. ಯಜಮಾನರು ಬಗ್ಗಲಿಲ್ಲ. ಮೇಜಿನ ಮೇಲೆ ಕೈ ಚಾಚಿ, 'ಕೈ ಕೊಡಿ ಸಾರ್' ಎಂದರು.

ಅವರ ಧ್ವನಿಯಲ್ಲಿ ಏನಿತ್ತೋ, ಸಾಹೇಬರು ಕೊಟ್ಟರು. ಯಜಮಾನರು ಟವಲ್ ಹೊದಿಸಿದರು. ಎತ್ತಿನ ವ್ಯಾಪಾರ ಹೀಗೆ ಸಾರ್, ಒಂದು ಬೆರಳು ಹಿಡಿದರೆ ಇಷ್ಟು, ಮುಷ್ಟಿ ಹಿಡಿದರೆ ಇಷ್ಟು ಎಂದು ಕಿವಿಯ ಹತ್ತಿರ ಬಾಯಿಟ್ಟು ಮೆಲ್ಲಗೆ ಹೇಳುತ್ತಾ ಬಟ್ಟೆಯ ಒಳಗೆ ತೋರಿಸಿದರು. ಈ ಹುಡುಗಿ ಕಲ್ಲಿನ ಬುದ್ಧನನ್ನು ಮಾರುತ್ತಾಳೆ, ತಲೆ ಅಂದರೆ ಬುದ್ಧನ ತಲೆ. ಬರೆದ ಕಾಗದದಲ್ಲಿ ಇರುವುದಿಷ್ಟೇ. ಪಕ್ಕದಲ್ಲೇ ನಿಂತಿದ್ದ ನನಗೂ ರೇಟು ಕೇಳಿಸಲಿಲ್ಲ. ಬೆಂಚಿನವನು ಎದ್ದು ನಿಂತಿದ್ದ, ಅವನಿಗೂ ಏನೂ ಸಿಗಲಿಲ್ಲ. ಆ ಒಂದು ಗಳಿಗೆ ನಾವು ಗೆದ್ದೆವೆಂದೇ ನಾನು ತಿಳಿದೆ.

ಸಾಹೇಬರು ಕೈ ಹಿಂದಕ್ಕೆ ಎಳೆದುಕೊಂಡು ಗಹಗಹಿಸಿ ನಕ್ಕರು. ನಕ್ಕು, ಇಡೀ ಕಚೇರಿಗೆ ಕೇಳುವ ಹಾಗೆ ಆ ರೇಟನ್ನು ಕೂಗಿ ಹೇಳಿದರು. 'ಒಂದು ಬುದ್ಧನ ಗೊಂಬೆಗೆ ಇಷ್ಟು ಕೊಡ್ತಾಳೇನ್ರೀ ಜಪಾನಿನವಳು?' ಎಂದರು. ಅಷ್ಟು ಸಾಲದೆ, ಅವಳ ಇಮೇಲನ್ನು ಬರೆದುಕೊಂಡಿದ್ದ ಕಾಗದ ಎತ್ತಿಕೊಂಡು ಆ ಹೆಂಗಸಿನ ಅಂಗಡಿಯ ಹೆಸರನ್ನೂ ಇಮೇಲ್ ವಿಳಾಸವನ್ನೂ ಒಂದೊಂದೇ ಅಕ್ಷರ ಬಿಡಿಸಿ ಓದಿ, 'ಇದಕ್ಕೇನಮ್ಮ ಇಷ್ಟು ನಾಟಕ? ಹೋಗು, ಹೋಗು' ಎಂದು ಕೈ ಬೀಸಿದರು. ಬೇಲೂರಿನವನು ಜೇಬಿನಿಂದ ಪೆನ್ನು ತೆಗೆದ. ಅದನ್ನು ನಾನು ನನ್ನ ಕಣ್ಣಾರೆ ನೋಡಿದೆ.

ಯಜಮಾನರು ಟವಲ್ ಕೊಡವಿ ಹೆಗಲಿಗೆ ಹಾಕಿಕೊಂಡರು.

'ಸಾರ್, ನಮ್ ಸಂತೇಲಿ ಇಂಗೆ ಕೂಗಿದೋನಿಗೆ ಆಮ್ಯಾಕೆ ಯಾರೂ ಕೈ ಕೊಡಲ್ಲ.'

'ರೀ ಯಜಮಾನ್ರೇ, ಇದು ಸಂತೆ ಅಲ್ಲ. ದೇಶದ ಭದ್ರತೆ.'

'ದೇಶ ನಮ್ದೂನೂ ಅಲ್ವಾ ಸಾರ್? ನೀವು ಕೇಳಿದ್ರಿ, ಪರದೆ ತೆಗೆದ್ವಿ. ನೋಡ್ಬೇಕು ಅಂದ್ರಿ, ತೋರಿಸಿದ್ವಿ. ನೋಡ್ಬ್ಯಾಡಿ ಅನ್ನಲಿಲ್ಲ. ನೋಡಿದ್ದನ್ನ ಹೊಟ್ಟೇಲಿ ಇಟ್ಕಳಕ್ಕೆ ಆಗ್ದೇ ಇದ್ದೋರು ಈ ಕೆಲ್ಸಕ್ಕೆ ಯಾಕೆ ಬರ್ತೀರಿ?'

ಕಂಪ್ಯೂಟರನ್ನು ಬಹಳ ದಿನ ಇಟ್ಟುಕೊಂಡು ಆಮೇಲೆ ಕಳಿಸಿದರು. ಒಳಗೆ ಏನೂ ಸಿಗಲಿಲ್ಲ ಎಂದು ಒಂದು ಸಾಲು ಬರೆದುಕೊಡಿ ಎಂದು ಯಜಮಾನರು ಕೇಳಿದರೆ, ಹಾಗೆಲ್ಲ ಬರೆದುಕೊಡುವ ಪದ್ಧತಿ ಇಲ್ಲವಂತೆ. ಸುಜಾತಳಿಗೆ ಆ ದೊಡ್ಡ ಆರ್ಡರು ಬರಲಿಲ್ಲ. ಜಪಾನಿನ ಹೆಂಗಸು ತುಂಬ ಬೇಸರದಿಂದಲೇ ಬರೆದಿದ್ದರು. ಬೇಲೂರಿನ ಅಂಗಡಿಯೊಂದು ಅಂಥದೇ ಬುದ್ಧನನ್ನು ಒಂದು ಬೆರಳು ಕಡಿಮೆಗೆ ಕೊಡುತ್ತೇವೆ ಎನ್ನುತ್ತಿದೆ, ತಾವೂ ವ್ಯಾಪಾರ ಮಾಡಬೇಕಲ್ಲ ಎಂದು. ಅಂಥದೇ ಬುದ್ಧ! ಕೆತ್ತಿದವನು ಇವಳ ಅಣ್ಣನೇ. ಒಲೆ ಉರಿಯಬೇಕಲ್ಲ, ಅವನು ಮತ್ತೆ ಅದೇ ಅಂಗಡಿಗೆ ಕೂಲಿಗೆ ಹೋದ. ಅವನ ಬುದ್ಧರು ಅವನ ಹೆಸರಿನ ಚೀಟಿ ಇಲ್ಲದೆ ಜಪಾನಿಗೆ ಹೋದರು.

ನಾನು ಇದನ್ನು ಎಷ್ಟು ವರ್ಷ ಕಳೆದರೂ ತಣ್ಣಗೆ ಹೇಳಲಾರೆ. ಮಾರಿ ಎಂದು ಭಾಷಣ ಮಾಡಿದವರೂ ಸರ್ಕಾರವೇ, ಮಾರಿದ್ದಕ್ಕೆ ಎಳೆದುಕೊಂಡು ಹೋದವರೂ ಸರ್ಕಾರವೇ, ಗುಟ್ಟನ್ನು ಎದುರಾಳಿಯ ಮಡಿಲಿಗೆ ಹಾಕಿದವರೂ ಸರ್ಕಾರವೇ. ಒಂದು ಕೋಣೆಯವರಿಗೆ ಇನ್ನೊಂದು ಕೋಣೆಯವರು ಏನು ಹೇಳಿದ್ದಾರೆಂದು ಗೊತ್ತಿಲ್ಲ. ಆ ಹುಡುಗಿಯ ಗುಟ್ಟನ್ನು ಎಲ್ಲರ ಮುಂದೆ ಕೂಗಿದ್ದರಿಂದ ಯಾವ ಬಾಂಬು ತಪ್ಪಿತು? ಒಂದು ತಪ್ಪಿದ್ದರೂ ನಾನು ಸುಮ್ಮನಿರುತ್ತಿದ್ದೆ, ಸುಜಾತಳೂ ಸುಮ್ಮನಿರುತ್ತಿದ್ದಳು. ಅಧಿಕಾರಿಯ ಒಂದು ನಗುವಿಗೆ ಒಂದು ಮನೆಯ ದುಡಿಮೆ ಹೋಯಿತಲ್ಲ, ಆ ನಷ್ಟವನ್ನು ಯಾವ ಭದ್ರತೆಯ ಲೆಕ್ಕಕ್ಕೆ ಬರೆಯುತ್ತಾರೆ?

ಯಜಮಾನರು ಹೇಳಿದ ಹಾಗೆ ನಾನು ಮೇಲಿನವರಿಗೆ ಅರ್ಜಿ ಬರೆದೆ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಅವರು ಪರಿಹಾರ ಕೇಳಲಿಲ್ಲ, ಅಧಿಕಾರಿಗೆ ಶಿಕ್ಷೆಯನ್ನೂ ಕೇಳಲಿಲ್ಲ. ಜನರ ಕಾಗದ ಓದುವ ಅಧಿಕಾರ ಕೊಡುವಾಗ, ಓದಿದ್ದನ್ನು ಹೊರಗೆ ಹೇಳಿದರೆ ಕೆಲಸ ಹೋಗುತ್ತದೆ ಎಂಬ ಒಂದು ಮಾತನ್ನೂ ಆ ಹುಕುಮಿಗೆ ಸೇರಿಸಿ ಎಂದು ಕೇಳಿದರು. ಅಷ್ಟೇ. ನಿಮ್ಮ ಪತ್ರ ತಲುಪಿದೆ, ಮುಂದಿನ ಕ್ರಮಕ್ಕೆ ಕಳಿಸಲಾಗಿದೆ ಎಂದು ಉತ್ತರ ಬಂತು. ಆಮೇಲೆ ಏನೂ ಬರಲಿಲ್ಲ.

ಬಂದದ್ದು ಇನ್ನೊಂದು. ಬೇಲೂರಿನಲ್ಲಿ ಮತ್ತೊಂದು ಸಭೆ ನಡೆಯಿತು. ಗಣಕಯಂತ್ರದ ಮೂಲಕ ಹೊರದೇಶಕ್ಕೆ ವಿಗ್ರಹ ಮಾರಿದ್ದಕ್ಕೆ ಆ ಅಂಗಡಿಯವನಿಗೆ ಸನ್ಮಾನ. ಶಾಲು ಹೊದಿಸುತ್ತಿರುವ ಫೋಟೋ ಪೇಪರಿನಲ್ಲಿ ಬಂತು. ಯಜಮಾನರು ಪೇಪರನ್ನು ನನ್ನ ಕಡೆ ತಿರುಗಿಸಿದರು.

'ಬಟ್ಟೆ ಎಲ್ಲಿಗೆ ಹೊದ್ದಿಸ್ಬೇಕು ಅಂತಾನೇ ಗೊತ್ತಿಲ್ಲ ನೋಡಿ ಟೀಚರಮ್ಮ, ಈ ನನ್ಮಕ್ಳಿಗೆ,' ಎಂದರು. ಅವರ ಬಾಯಲ್ಲಿ ಬೈಗುಳ ಕೇಳಿದ್ದು ನಾನು ಅದೊಂದೇ ಸಲ.

ಆ ವರ್ಷವೇ ಅಂಗಡಿ ಮುಚ್ಚಿದರು. ಮುಚ್ಚಿ ಎಂದು ಯಾರೂ ಹೇಳಿರಲಿಲ್ಲ. 'ಬಂದೋರನ್ನ ಕಾಪಾಡಕ್ಕೆ ಆಗ್ದೇ ಇದ್ರೆ ಬಾಗ್ಲು ಯಾಕೆ ತೆಗೀಬೇಕು?' ಎಂದರು. ಸುಜಾತ ಮಾತ್ರ ಬಿಡಲಿಲ್ಲ. ಹಟಮಾರಿ. ಹೊಸ ಗಿರಾಕಿಗಳನ್ನು ಹುಡುಕಿದಳು, ಮೊಬೈಲ್ ಬಂದಮೇಲೆ ಮನೆಯ ಜಗುಲಿಯಿಂದಲೇ ಮಾತಾಡಿದಳು, ನಿಧಾನವಾಗಿ ಅಣ್ಣನನ್ನು ಬೇಲೂರಿನಿಂದ ಬಿಡಿಸಿಕೊಂಡು ಬಂದಳು. ಅಷ್ಟಾಗಲು ಆ ಮನೆಗೆ ಎಷ್ಟು ವರ್ಷ ದಂಡವಾಯಿತು ಎಂಬುದನ್ನು ಮಾತ್ರ ಯಾರೂ ಮರೆಯಬಾರದು.

ಯಜಮಾನರು ಹಾಸಿಗೆ ಹಿಡಿದಾಗ ನಾವಿಬ್ಬರೂ ನೋಡಲು ಹೋದೆವು. ಬಹಳ ಇಳಿದಿದ್ದರು. ಮಾತು ಸ್ಪಷ್ಟವಾಗಿತ್ತು. ಸುಜಾತ ಕಾಲ ಬಳಿ ಕೂತಳು. ಅಣ್ಣ ಈಗ ತನ್ನ ಹೆಸರಿನಲ್ಲೇ ಬುದ್ಧನನ್ನು ಮಾರುತ್ತಾನೆ ತಾತ ಎಂದಳು.

'ಎಷ್ಟಕ್ಕೆ ಹೋಯ್ತದೆ ಮಗ ಈಗ?'

ಅವಳು ಬಾಯಿ ತೆರೆದವಳು, ಹಾಗೇ ಮುಚ್ಚಿಕೊಂಡಳು. ಯಜಮಾನರ ಹೆಂಡತಿ ಎದ್ದುಹೋಗಿ ಟ್ರಂಕು ತೆರೆದು ಒಂದು ಟವಲ್ ತಂದು ಕೊಟ್ಟರು. ಸುಜಾತ ಅವರ ಕೈ ಹಿಡಿದು ಮೇಲೆ ಹೊದಿಸಿದಳು. ನಾನು ಕಿಟಕಿ ಕಡೆ ತಿರುಗಿದೆ. ತಿರುಗುವ ಮೊದಲು ಯಜಮಾನರ ಹುಬ್ಬು ಮೇಲೆ ಹೋದದ್ದಷ್ಟು ಕಂಡಿತು. 'ಅಬ್ಬಬ್ಬಾ' ಎಂದು ಒಂದು ನಗು ಕೇಳಿಸಿತು, ಆಮೇಲೆ ಕೆಮ್ಮು.

ಅವರ ಹನ್ನೊಂದನೆಯ ದಿನದ ಊಟಕ್ಕೆ ಹೋಗಿದ್ದೆ. ಅವರ ಹೆಂಡತಿ ನನ್ನನ್ನು ಅಡುಗೆಮನೆಗೆ ಕರೆದು ಕೂರಿಸಿದರು. ಅತ್ತೂ ಅತ್ತೂ ಮುಖ ಊದಿತ್ತು, ಆದರೂ ಏನೋ ಒಂದು ದೂರು ಹೇಳಬೇಕಾಗಿತ್ತು ಅವರಿಗೆ.

'ಆ ಕೂಸಿನ ಬುದ್ಧ ಎಷ್ಟಕ್ಕೆ ಹೋಯ್ತದೆ ಅಂತ ನಾನು ದಿನಾ ಕೇಳ್ತಿದ್ದೆ ಟೀಚರಮ್ಮ. ಹಾಲು ಕುಡಿಸ್ತಾನೂ ಕೇಳ್ದೆ, ಮೈ ಒರೆಸ್ತಾನೂ ಕೇಳ್ದೆ. ನಾನೇನು ಹೋಗಿ ಬೇಲೂರಲ್ಲಿ ಹೇಳ್ತಿದ್ನಾ? ಕೊನೆವರ್ಗೂ ಹೇಳ್ನಿಲ್ಲ ಕಣ್ರೀ. ಹಂಗೇ ತಗಂಡೋದ್ರು.'